ಎರ್ನಿ ಕಿತ್ತ ಕಟ್ಟೆ

ನಮ್ಮ ಕೊಲ್ಲಿಯಲ್ಲಿ ಈಗ ಮರಳು ಅಗೆದು ತೆಗೆದು ತಿನ್ನುವ ಚಿಪ್ಪಿ ಸಿಗುವುದಿಲ್ಲ. ಕೆನಡಾದ ವ್ಯಾಂಕೂವರ್ ದ್ವೀಪದ ಈ ಮೂಲೆಯಲ್ಲಿ ಸಮುದ್ರ ಮನೆಬಾಗಿಲಲ್ಲೇ ಇದ್ದರೂ ಇಲ್ಲಿನ ಮೂಲನಿವಾಸಿಗಳಾದ ನಾವು ಕ್ವಾಕ್ವಾಕವಾಕ್ವ ಜನ ಎಲ್ಲಿಂದಲೋ ಬಂದ ಡಬ್ಬಿ ಮೀನು ತಿನ್ನುತ್ತೇವೆ. ನಮ್ಮೂರಿನ ಎರ್ನಿಯ ಮನೆಯಲ್ಲೂ ಅದೇ ಗತಿ.

ಅವನ ಸೋದರ ಸೊಸೆ ಡೋರೀನ್ ದಡ ಕಾಯುವ ಕೆಲಸದಲ್ಲಿದ್ದಾಳೆ. ಕಟ್ಟೆ ಕಟ್ಟಲು ಬಾ ಎಂದು ಮೂರು ಸಲ ಬಂದು ಕರೆದಿದ್ದಳು. ಹಿಂದೆ ಹಿರಿಯರು ಕಡಲ ನೀರು ಇಳಿದು ನಿಲ್ಲುವ ಇಳಿತದ ಗೆರೆಯಲ್ಲಿ ಕಲ್ಲಿನ ಕಟ್ಟೆ ಕಟ್ಟುತ್ತಿದ್ದರು, ಅದರ ಹಿಂದೆ ಮರಳು ನಿಂತು ಚಿಪ್ಪಿ ಬೆಳೆಯುತ್ತಿತ್ತು. ಮತ್ತೆ ಕಟ್ಟಿದರೆ ಊಟವೂ ನಮ್ಮದೇ, ವ್ಯಾಪಾರವೂ ನಮ್ಮದೇ ಎಂಬುದು ಅವಳ ಮಾತು. ಕಲ್ಲು ಹೊತ್ತರೆ ಹೊಟ್ಟೆ ತುಂಬುತ್ತದೆಯೇ ಎಂದು ಎರ್ನಿ ಗೇಲಿ ಮಾಡಿ ಕಳಿಸಿದ್ದ.

ನಾಲ್ಕನೆಯ ಸಲ ಅವಳು ನಕ್ಷೆ ತಂದಳು.

"ಮಾಮ, ಕಟ್ಟೆ ಸರಿಯಾಗಿ ಎಲ್ಲಿತ್ತು ಅಂತ ಯಾರಿಗೂ ಗೊತ್ತಿಲ್ಲ. ಒಂದು ಮೊಳ ಮೇಲೆ ಕಟ್ಟಿದ್ರೂ ಚಿಪ್ಪಿ ನಿಲ್ಲಲ್ಲ. ದೊಡ್ಡ ಇಳಿತ ಇರೋದು ಇನ್ನು ಮೂರೇ ದಿನ."

ಎರ್ನಿ ಕಾಫಿ ಲೋಟ ಕೆಳಗಿಟ್ಟ.

"ನಂಗೊತ್ತು ಕಣೆ. ಕಿತ್ತವನು ನಾನೇ."

ಮೂವತ್ತು ವರ್ಷದ ಹಿಂದೆ, ಮೋಜಿಗೆ ಗಾಳ ಹಾಕುವವರ ವಸತಿಗೃಹಕ್ಕೆ ದೋಣಿ ನಿಲ್ಲಿಸಲು ಧಕ್ಕೆ ಬೇಕಿತ್ತು. ಎರ್ನಿ ಕಟ್ಟೆಯ ಕಲ್ಲು ಸಾಗಿಸಿ ಕೊಟ್ಟು, ಬದಲಿಗೆ ದೋಣಿಗೊಂದು ಎಂಜಿನ್ ತಂದ. ಅವನ ಸೋದರತ್ತೆ ಫ್ಲೋರಾ ಬೇಡವೆಂದು ಕಲ್ಲಿನ ಮೇಲೇ ಕೂತಿದ್ದಳು. ಅವಳನ್ನು ಎಬ್ಬಿಸಿ ಆ ಕಲ್ಲನ್ನೂ ಒಯ್ದ. ಎರಡೇ ವರ್ಷದಲ್ಲಿ ಮರಳು ಕೊಚ್ಚಿಹೋಯಿತು. ಚಿಪ್ಪಿ ಅಗೆಯುವಾಗ ಹೇಳುವ ಹಾಡು ಫ್ಲೋರಾಳೊಬ್ಬಳಿಗೇ ಬರುತ್ತಿತ್ತು. ಕಲಿಸು ಎಂದು ಕೇಳಲು ಎರ್ನಿಗೆ ಮುಖವಿರಲಿಲ್ಲ. ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಳು.

"ಮೊದಲೇ ಹೇಳ್ಬಾರ್ದಿತ್ತಾ, ಮಾಮ?"

"ಎಲ್ಲ ಉಗೀತೀರಿ ಅಂತ ಸುಮ್ನಿದ್ದೆ."

"ಉಗೀತಿದ್ವಿ, ಸುಳ್ಳಲ್ಲ. ಆದ್ರೆ ಫ್ಲೋರಾ ಅಜ್ಜಿ ಇದ್ದಾಗಲೇ ಹೇಳಿದ್ರೆ ಆಗಲೇ ಕಟ್ಟೆ ಕಟ್ತಿದ್ವಿ, ಅವಳಿಂದ ಕಲಿತು ಆ ಹಾಡಾದ್ರೂ ಉಳೀತಿತ್ತು."

ಎರ್ನಿ ನಕ್ಷೆ ಎಳೆದುಕೊಂಡು ಕಟ್ಟೆಯಿದ್ದ ಜಾಗಕ್ಕೆ ಗುರುತು ಹಾಕಿದ. ಮರುದಿನ ಬೆಳಗಿನ ಇಳಿತಕ್ಕೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ದಡಕ್ಕಿಳಿದ. ಕೋಲು ನೆಟ್ಟು ಗೆರೆ ತೋರಿಸಿದ. ಎಲ್ಲರೂ ಕೂಡಿ ಕಲ್ಲು ಉರುಳಿಸಿದರು. ಹಾಡು ಬಲ್ಲವರು ಯಾರೂ ಇರಲಿಲ್ಲ, ಸುಮ್ಮನೆ ಕೆಲಸ ಮಾಡಿದರು.

ಓದುತ್ತಿರುವ ನೀವೂ ಮುಂದಿನ ಇಳಿತಕ್ಕೆ ಬನ್ನಿ, ಒಂದು ಕಲ್ಲಾದರೂ ಉರುಳಿಸಿ. ಕಟ್ಟೆಯ ಕಲ್ಲನ್ನು ಯಾರಿಗೂ ಕೊಡಬೇಡಿ. ವಿಷವಿದೆಯೇ ಎಂದು ಪರೀಕ್ಷೆಯಾಗದ ಚಿಪ್ಪಿ ತಿನ್ನಬೇಡಿ. ಮನೆಯ ಹಿರಿಯರ ಹತ್ತಿರ ಇಂದೇ ಕೂತು ಅವರಿಗೆ ಗೊತ್ತಿರುವುದನ್ನು ಕೇಳಿಕೊಳ್ಳಿ. ತಪ್ಪು ಮಾಡಿದ್ದರೆ ಹೇಳಿಬಿಡಿ, ಬೈದರೆ ಬೈಸಿಕೊಳ್ಳಿ. ಕಟ್ಟೆಯನ್ನು ನಾವು ಮತ್ತೆ ಕಟ್ಟಬಲ್ಲೆವು. ಫ್ಲೋರಾಳನ್ನು ಇನ್ನು ಯಾರೂ ಕೇಳಲಾರರು.