ಸೋಸ್ಯಾ ತೋರಾ ತಡೆದ ಸಬ್ಬತ್

ದೊಡ್ಡ ಗುರುಗಳ ದರ್ಶನಕ್ಕೆ ಹೋಗಿದ್ದ ಗೆತ್ಸೆಲ್ ಗುರುವಾರ ಮಧ್ಯಾಹ್ನ ಮನೆಗೆ ಬಂದವನೇ, ಬೂಟಿನ ಕೆಸರನ್ನೂ ಒರೆಸದೆ, ಮಗಳ ಮದುವೆ ಗೊತ್ತುಮಾಡಿ ಬಂದಿದ್ದೇನೆ ಎಂದ. ಹೆಂಡತಿ ಸೋಸ್ಯಾ ಶನಿವಾರದ ಸಬ್ಬತ್ತಿನ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಅವಳ ಕೈ ಹಿಟ್ಟಿನಲ್ಲೇ ನಿಂತಿತು.

"ಯಾರಿಗೆ ಕೊಟ್ರಿ?"

"ಲೈಬುಶ್‌ಗೆ. ಚರ್ಮದ ವ್ಯಾಪಾರಿ. ಕೊಡು ಅಂತ ಗುರುಗಳೇ ಬಾಯ್ಬಿಟ್ಟು ಹೇಳಿದ್ರು."

ಪಕ್ಕದೂರಿನ ಲೈಬುಶನಿಗೆ ಐವತ್ತೆರಡು ವರ್ಷ. ಇಬ್ಬರು ಹೆಂಡಿರನ್ನು ಮಣ್ಣು ಮಾಡಿದ ಮಹಾನುಭಾವ. ಅವನ ದೊಡ್ಡ ಮಗಳೇ ಇವರ ಫ್ರೂಮಾಳಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಫ್ರೂಮಾಳಿಗೆ ಹದಿನೇಳು.

"ನಿಮಗೇನು ತಲೆಗಿಲೆ ಕೆಟ್ಟಿದೆಯೇನ್ರೀ? ಆ ಮುದುಕನಿಗಾ?"

"ಬಾಯ್ಮುಚ್ಚು! ಈ ವಾರ ಮಂದಿರದಲ್ಲಿ ಓದೋ ಪಾಠ ಯಾವುದು? ಮಗ ಇಸಾಕನ್ನ ಬಲಿ ಕೊಡು ಅಂದಾಗ ಅಬ್ರಹಾಮ ಯಾಕೆ ಅಂತ ಕೇಳಿದ್ನಾ? ಬೆಳಗ್ಗೆ ಬೇಗ ಎದ್ದ, ಕತ್ತೆಗೆ ತಡಿ ಹಾಕ್ದ, ಹೊರಟ. ನಂಬಿಕೆ ಅಂದ್ರೆ ಅದು. ನಿನ್ನಂಥೋರಿಗೆ ಎಲ್ಲಿ ಅರ್ಥ ಆಗ್ಬೇಕು!"

"ಅಬ್ರಹಾಮನಿಗೆ ಹೇಳಿದ್ದು ದೇವರು. ನಿಮಗೆ ಹೇಳಿದ್ದು ಒಬ್ಬ ಮನುಷ್ಯ. ನಮ್ಮ ಫ್ರೂಮಾನ ಅವರು ಒಂದ್ಸಲ ಕಣ್ಣಲ್ಲಾದ್ರೂ ನೋಡಿದ್ದಾರಾ?"

ಗುರುಗಳನ್ನು 'ಒಬ್ಬ ಮನುಷ್ಯ' ಎಂದದ್ದು ಕೇಳಿ ಗೆತ್ಸೆಲನಿಗೆ ಮೈಯೆಲ್ಲ ಉರಿದುಹೋಯಿತು. ಭಾನುವಾರ ಬೆಳಗ್ಗೆ ಲೈಬುಶ್ ಬರುತ್ತಾನೆ, ಒಪ್ಪಂದ ಬರೆದು ತಟ್ಟೆ ಒಡೆಯುವುದೇ ಸೈ ಎಂದು ಕೂಗಾಡಿ, ಬಾಗಿಲು ಬಡಿದುಕೊಂಡು ಹೊರಟುಹೋದ. ಪಿಂಗಾಣಿ ತಟ್ಟೆ ಒಡೆಯಿತು ಎಂದರೆ ನಮ್ಮಲ್ಲಿ ಮುಗಿಯಿತು. ಆ ಮೇಲೆ ಸಂಬಂಧ ಮುರಿಯುವುದಕ್ಕಿಂತ ಮದುವೆಯಾಗಿ ಬಿಡುಗಡೆ ಪತ್ರ ಪಡೆಯುವುದೇ ವಾಸಿ ಎನ್ನುವ ಜನ ನಾವು.

ಶುಕ್ರವಾರವಿಡೀ ಫ್ರೂಮಾ ಅತ್ತಳು. "ಅವನನ್ನ ಕಂಡ್ರೆ ಭಯ ಆಗತ್ತಮ್ಮ. ಕೈಯೆಲ್ಲ ಚರ್ಮದ ನಾತ" ಎಂದಳು. ಸೋಸ್ಯಾ ಮಗಳ ತಲೆಯನ್ನು ಎದೆಗೊತ್ತಿಕೊಂಡು, "ನಾನು ಸತ್ತಿಲ್ಲ ಕಣೇ ಇನ್ನೂ" ಎಂದಳು. ಆಗಲೇ ಅವಳು ನಿರ್ಧಾರ ಮಾಡಿಯಾಗಿತ್ತು.

ನಮ್ಮ ಕಡೆ ಅನ್ಯಾಯವಾದವರಿಗೆ ಒಂದು ಹಕ್ಕುಂಟು. ಬಡವನಾಗಲಿ, ವಿಧವೆಯಾಗಲಿ, ಯಾರೂ ಕಿವಿಗೊಡದಿದ್ದರೆ ಸಬ್ಬತ್ತಿನ ಬೆಳಗ್ಗೆ ಪ್ರಾರ್ಥನಾಮಂದಿರದಲ್ಲಿ ಎದ್ದು ನಿಂತು ನಮ್ಮ ಧರ್ಮಗ್ರಂಥ ತೋರಾದ ಓದನ್ನೇ ತಡೆಯಬಹುದು. ದೂರು ಇತ್ಯರ್ಥವಾಗುವ ತನಕ ಓದುವಂತಿಲ್ಲ. ಓದು ಮುಗಿಯದೆ ಪ್ರಾರ್ಥನೆ ಮುಗಿಯದು, ಪ್ರಾರ್ಥನೆ ಮುಗಿಯದೆ ಊಟವಿಲ್ಲ. ಆದರೆ ಗಂಡನ ವಿರುದ್ಧ ಹೆಂಡತಿ, ಅದೂ ತೋರಾ ಓದುವ ಗಂಡನ ವಿರುದ್ಧ, ಆ ಹಕ್ಕು ಚಲಾಯಿಸಿದ್ದನ್ನು ಊರು ಕಂಡಿರಲಿಲ್ಲ. ಗೆತ್ಸೆಲ್ ಇಪ್ಪತ್ತು ವರ್ಷದಿಂದ ಊರಿನ ಓದುಗಾರ. ಗಂಡಸರಿಗೆ ಕೆಳಗೆ ಅವನು ಓದಿದರೆ, ತೋರಾದ ಹಳೆಯ ಭಾಷೆ ಬಾರದ ಹೆಂಗಸರಿಗೆ ಮೇಲಿನ ಅಟ್ಟದಲ್ಲಿ ವಾರದ ಪಾಠವನ್ನು ಮನೆಮಾತಿನಲ್ಲಿ ಬಿಡಿಸಿ ಹೇಳುವವಳು ಸೋಸ್ಯಾ. ಎಲ್ಲಿ ಅಳಬೇಕು ಎಂದು ಅವರಿಗೆ ತಿಳಿಯುವುದೂ ಅವಳ ಮುಖ ನೋಡಿಯೇ.

ಶನಿವಾರ ಬೆಳಗ್ಗೆ, ತೋರಾ ಸುರುಳಿ ತೆಗೆಯಲು ಗಂಡಸರು ಏಳುತ್ತಿದ್ದಂತೆ, ಅವಳು ಅಟ್ಟದ ಮೆಟ್ಟಿಲು ದಡದಡ ಇಳಿದು, ಇಬ್ಬದಿಯ ಗಡ್ಡಗಳ ನಡುವೆ ನಡೆದುಹೋಗಿ, ಸುರುಳಿಗಳ ಕಪಾಟಿಗೆ ಬೆನ್ನು ಕೊಟ್ಟು ನಿಂತಳು.

"ಓದೋದನ್ನ ತಡೀತೀನಿ!"

ಮಂದಿರದ ಮೇಲ್ವಿಚಾರಕ ಶಿಮ್ಶೆಲ್ ಮೊದಲು ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನುಂಗಿಕೊಂಡ. "ಸೋಸ್ಯಕ್ಕ, ಮನೆ ಜಗಳ ಮನೇಲಿ ಇಟ್ಕೋಬೇಕಮ್ಮ. ನಡಿ ಮೇಲೆ."

"ಮನೇಲಿ ಕೇಳೋ ಕಿವಿ ಇಲ್ಲ. ಅದಕ್ಕೇ ಇಲ್ಲಿ ಬಂದೆ. ಇವರು ನನ್ನ ಮಗಳನ್ನ ಅವಳಪ್ಪನಿಗಿಂತ ದೊಡ್ಡೋನಿಗೆ ಕೊಡ್ತಿದ್ದಾರೆ. ಆ ಮಾತು ವಾಪಸ್ ತಗೊಳ್ಳೋ ತನಕ ಈ ಕಪಾಟಿನ ಬಾಗಿಲು ತೆಗೆಯೋಕೆ ಬಿಡಲ್ಲ."

"ಮಾನ ಕಳೀಬೇಡ! ಸರಿ ಆಚೆಗೆ!" ಗೆತ್ಸೆಲ್ ಓದುವ ಮೇಜಿನ ಹಿಂದಿನಿಂದ ಕೂಗಿದ.

"ನಿಮ್ಮ ಮಾನಕ್ಕೆ ನನ್ನ ಮಗಳೇ ಬೇಕಿತ್ತಾ?"

ಗದ್ದಲವೆದ್ದಿತು. ಇಂಥ ಹೆಂಗಸನ್ನು ಕಟ್ಟಿಕೊಂಡವನ ಕರ್ಮ ಎಂದು ಒಬ್ಬ. ಗುರುಗಳ ಮಾತು ಮೀರಿದರೆ ಮನೆ ಉದ್ಧಾರವಾಗುವುದಿಲ್ಲ ಎಂದು ಇನ್ನೊಬ್ಬ. ಬೆಂಚಿನ ಮೇಲೆ ಹತ್ತಿ ಕೈ ಬೀಸಿದವನೂ ಇದ್ದ. ಸೋಸ್ಯಾ ಕದಲಲಿಲ್ಲ. ಗಂಟೆ ಕಳೆಯಿತು. ಶುಕ್ರವಾರ ಸಂಜೆಯೇ ಬೇಕರಿಯವನ ಒಲೆಯಲ್ಲಿಟ್ಟ ಅವರೆಲ್ಲರ ಮಡಕೆಗಳಲ್ಲಿ ಹುರುಳಿ, ಜವೆ, ಮಾಂಸ ಬೆಂದು ತಳಹಿಡಿಯುವ ಹೊತ್ತು. ಹೊಟ್ಟೆ ಚುರುಗುಟ್ಟಿದ ಹಾಗೆಲ್ಲ ಜನರ ಸಿಟ್ಟು ನಿಧಾನವಾಗಿ ಸೋಸ್ಯಾಳಿಂದ ಗೆತ್ಸೆಲನ ಕಡೆಗೆ ತಿರುಗಿತು. "ಏನೋ ಒಂದು ಹೇಳಿ ಮುಗಿಸಯ್ಯಾ ಮಾರಾಯ!" ಎಂದು ಹಿಂದಿನಿಂದ ಯಾರೋ ಕೂಗಿದರು. ಭಕ್ತಿಯಲ್ಲಿ ನಮ್ಮವರು ಯಾರಿಗೂ ಕಮ್ಮಿಯಿಲ್ಲ, ಊಟ ತಡವಾಗಬಾರದು ಅಷ್ಟೆ.

ಊರಿನ ಧರ್ಮಪಂಡಿತ ರಬ್ಬಿ ಅವಿಗ್ದೋರ್ ಅಲ್ಲಿಯವರೆಗೆ ಸುಮ್ಮನೆ ಕೂತಿದ್ದರು. ಈಗ ಕೋಲೂರಿ ಎದ್ದರು. "ತಾಯಿ, ಅಬ್ರಹಾಮ ದೇವರ ಹತ್ತಿರ ವಾದ ಮಾಡಲಿಲ್ಲ. ಈ ವಾರ ನಾವು ಕಲಿಯೋ ಪಾಠ ಅದೇ ಅಲ್ವಾ?"

"ಮಾಡಿದ, ರಬ್ಬಿಗಳೇ. ಇದೇ ವಾರದ ಓದಲ್ಲಿ ಇದೆ. ದೇವರು ಸುಡೋಕೆ ಹೊರಟ ಸೊದೋಮ್ ಊರಿನ ಪುಂಡರನ್ನ ಉಳಿಸೋಕೆ ಐವತ್ತು ಜನ ಒಳ್ಳೆಯವರಿದ್ರೆ ಬಿಡ್ತೀಯಾ, ನಲವತ್ತಿದ್ರೆ ಬಿಡ್ತೀಯಾ, ಹತ್ತಿದ್ರೆ ಬಿಡ್ತೀಯಾ ಅಂತ ಚೌಕಾಸಿ ಮಾಡ್ದ. ಪರರ ಊರಿಗೆ ಅಷ್ಟು ಬಾಯಿ ಇತ್ತು. ಸ್ವಂತ ಮಗುವಿಗೆ ಮಾತ್ರ ಇರಲಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಗೆತ್ಸೆಲ್ ಆ ಕಡೆ ದುರುಗುಟ್ಟಿದ. ರಬ್ಬಿಗಳು ಗಡ್ಡ ನೀವಿಕೊಂಡರು. "ಒಪ್ಪದ ಹುಡುಗೀನ ಅಪ್ಪ ಕೊಡುವ ಹಾಗಿಲ್ಲ, ಶಾಸ್ತ್ರ ಸ್ಪಷ್ಟ ಇದೆ. ಹುಡುಗೀನೇ ಕೇಳೋಣ. ಅವಳು ಬೇಡ ಅಂದ್ರೆ ಗುರುಗಳಿಗೆ ನಾನೇ ಕಾಗದ ಬರೀತೀನಿ. ಹೂಂ ಅಂದ್ರೆ ನೀನು ಬಾಗಿಲು ಬಿಡ್ಬೇಕು. ಆಯ್ತಾ?"

ಸೋಸ್ಯಾಳಿಗೆ ಗೆದ್ದಷ್ಟು ಸಂತೋಷವಾಯಿತು. "ಆಯ್ತು" ಎಂದಳು.

"ಫ್ರೂಮಾ! ಲೈಬುಶನ್ನ ಮದುವೆ ಆಗೋಕೆ ನಿನಗೆ ಒಪ್ಪಿಗೆ ಇದೆಯೇನಮ್ಮ?"

ರಬ್ಬಿಗಳು ಅಟ್ಟದ ಕಡೆ ತಿರುಗಿ ಕೇಳಿದರು. ಜಾಲರಿಯ ಹಿಂದಿನಿಂದ ಸಣ್ಣ ದನಿ ಬಂತು. "ಅಪ್ಪ ಹೇಳಿದ ಹಾಗೆ."

"ಕೇಳಿದ್ರಾ!" ಗೆತ್ಸೆಲ್ ಎರಡೂ ಕೈ ಎತ್ತಿದ. "ನನ್ನ ಮಗಳು! ತಾಯಿಗಿಲ್ಲದ ದೈವಭಕ್ತಿ ಮಗಳಿಗಿದೆ!"

ಸೋಸ್ಯಾ ಬಾಗಿಲು ಬಿಟ್ಟಳು. ಗಂಡಸರ ನಡುವೆ ವಾಪಸ್ಸು ನಡೆಯುವಾಗ ಶಿಮ್ಶೆಲ್, "ಹುರುಳಿ ಸೀದದ್ದಕ್ಕೆ ದೇವರು ನಿನ್ನನ್ನ ಕ್ಷಮಿಸಲಿ ಅಕ್ಕಾ" ಎಂದ. ಸುತ್ತಲಿನವರೆಲ್ಲ ನಕ್ಕರು. ನಾಚಿಕೆಗಿಂತ ಸಿಟ್ಟೇ ಅವಳನ್ನು ಮೆಟ್ಟಿಲು ಹತ್ತಿಸಿತು.

"ಯಾಕೇ ಸುಳ್ಳು ಹೇಳ್ದೆ?" ಮಗಳ ತೋಳು ಹಿಡಿದು ಜಗ್ಗಿದಳು. "ಇಡೀ ಊರಿನ ಮುಂದೆ ನನ್ನ ಮುಖಕ್ಕೆ ಮಸಿ ಬಳಿದ್ಯಲ್ಲೇ! ನಿನ್ನೆ ಅತ್ತಿದ್ದು ಯಾರು ಹಾಗಾದ್ರೆ?"

ಫ್ರೂಮಾ ತೋಳು ಕಿತ್ತುಕೊಂಡಳು. ಅವಳ ಕಣ್ಣಲ್ಲಿ ಈಗ ನೀರಿರಲಿಲ್ಲ, ಬೆಂಕಿಯಿತ್ತು.

"ಸುಳ್ಳು ಹೇಳ್ಕೊಟ್ಟಿದ್ದು ಯಾರು? ಪ್ರತಿ ವರ್ಷ ಇದೇ ಬೆಂಚಲ್ಲಿ ಕೂತ್ಕೊಂಡು ನೀನೇ ತಾನೆ ಹೇಳೋದು? 'ಅಪ್ಪಾ, ನನ್ನ ಗಟ್ಟಿಯಾಗಿ ಕಟ್ಟು, ಅಲುಗಾಡಿ ನಿನ್ನ ಬಲಿ ಕೆಡಿಸಿಬಿಟ್ಟೇನು' ಅಂತ ಇಸಾಕ ತಾನಾಗೇ ಕತ್ತು ಒಡ್ಡಿದ ಅಂತ. ಹೇಳ್ತಾ ಹೇಳ್ತಾ ಅಳ್ತೀಯ, ಎಲ್ಲರನ್ನೂ ಅಳಿಸ್ತೀಯ. 'ನನ್ನ ಫ್ರೂಮಾನೂ ಹಂಗೇ ಇರ್ಲಿ' ಅಂತ ಮೂರು ವರ್ಷದಿಂದ ನನ್ನ ಎದುರಿಗೇ ಹರಸ್ತಿದ್ದೀಯ. ಅದು ಊರೋರ ಮಕ್ಕಳಿಗೆ ಮಾತ್ರಾನಾ ಅಮ್ಮಾ? ಕತ್ತು ಒಡ್ಡೋದು ಹೇಳ್ಕೊಟ್ಟೆ. ಬೇಡ ಅನ್ನೋದು ಯಾವತ್ತು ಹೇಳ್ಕೊಟ್ಟೆ?"

ಸೋಸ್ಯಾಳಿಗೆ ಕೆನ್ನೆಗೆ ಬಿಟ್ಟಂತಾಯಿತು. ಬೆಂಚಿನ ಮೇಲೆ ಕುಸಿದು ಕೂತಳು. ಮಗಳ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆ ಭಾಗ ಬಂದಾಗ ಹೆಂಗಸರು ಬಿಕ್ಕುವುದನ್ನು ಕೇಳಿ ಅವಳಿಗೆ ಪ್ರತಿವರ್ಷ ಹೆಮ್ಮೆಯಾಗುತ್ತಿತ್ತು, ಇನ್ನಷ್ಟು ಬಿಕ್ಕಲಿ ಎಂದು ಎಳೆದು ಎಳೆದು ಹೇಳುತ್ತಿದ್ದಳು. ಅವಳಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು.

ಕೆಳಗೆ ಗೆತ್ಸೆಲ್ ಗೆದ್ದವನ ಗಂಟಲಲ್ಲಿ ಓದು ಶುರುಮಾಡಿದ್ದ. ಹೆಂಗಸರು ಅಭ್ಯಾಸಬಲದಿಂದ ಸೋಸ್ಯಾಳ ಸುತ್ತ ಸೇರಿದರು. ಅವಳು ಸಾಲಿಗೆ ಸಾಲು ಬಿಡಿಸಿ ಹೇಳಿದಳು, ಒಣ ದನಿಯಲ್ಲಿ, ಪುಸ್ತಕ ನೋಡದೆ. ಅಬ್ರಹಾಮನ ಮನೆಗೆ ಅತಿಥಿಗಳು ಬಂದರು. ಸೊದೋಮ್ ಸುಟ್ಟುಹೋಯಿತು. ಕೊನೆಗೆ ಅಬ್ರಹಾಮ ಬೆಟ್ಟ ಹತ್ತಿ ಮಗನನ್ನು ಕಟ್ಟುವ ಜಾಗ ಬಂತು. ಹೆಂಗಸರು ಕರವಸ್ತ್ರ ತೆಗೆದರು.

"ಒಳಗಿಡ್ರೇ ಅವನ್ನ" ಎಂದಳು ಸೋಸ್ಯಾ. "ಇಸಾಕ ಗಟ್ಟಿಯಾಗಿ ಕಟ್ಟು ಅಂದ ಅಂತ ಹೇಳ್ತಿದ್ದೆನಲ್ಲ, ಆ ಮಾತು ತೋರಾದಲ್ಲಿ ಇಲ್ಲ. ಯಾರೋ ಗಂಡಸರು ಆಮೇಲೆ ಸೇರಿಸಿದ್ದು. ಅದಕ್ಕೆ ನಾನು ಕಣ್ಣೀರು ಸೇರಿಸಿದೆ."

"ಅಯ್ಯಯ್ಯೋ, ಮೆತ್ತಗೆ ಮಾತಾಡು, ಕೆಳಗೆ ಕೇಳತ್ತೆ!" ಪಕ್ಕದವಳು ಅವಳ ತೋಳು ಎಳೆದಳು.

"ಕೇಳ್ಲಿ!" ಸೋಸ್ಯಾ ಎದ್ದು ನಿಂತಳು. "ಕುರಿ ಎಲ್ಲಪ್ಪಾ ಅಂತ ಕೇಳ್ದ ಆ ಹುಡುಗ. ಅಷ್ಟೇ ಇರೋದು. ಕಟ್ಟೋವಾಗ ಅವನು ಒಂದು ಮಾತೂ ಆಡ್ಲಿಲ್ಲ. ಭಯಕ್ಕೆ ಬಾಯಿ ಕಟ್ಟಿರತ್ತೆ. ಅದನ್ನ ಭಕ್ತಿ ಅಂತ ನಿಮಗೆಲ್ಲ ಹೇಳಿದೆ, ಹೆತ್ತ ಮಗಳಿಗೂ ಹೇಳಿದೆ. ತಪ್ಪು ನಂದು, ಫ್ರೂಮಾ. ನಂದೇ ತಪ್ಪು."

ಕೆಳಗೆ ಗೆತ್ಸೆಲ್ ಅವಳ ದನಿ ಮುಳುಗಿಸಲೆಂದೇ ಗಂಟಲು ಏರಿಸಿದ. ಅಬ್ರಹಾಮನು ಕೈ ಚಾಚಿ ಕತ್ತಿಯನ್ನು ತೆಗೆದುಕೊಂಡನು ಎಂಬಲ್ಲಿಗೆ ಬಂದಿದ್ದ.

ಧಡ್! ಧಡ್! ಅಟ್ಟದ ಜಾಲರಿ ಅಲುಗಿ ಧೂಳು ಗಂಡಸರ ಟೋಪಿಗಳ ಮೇಲೆ ಬಿತ್ತು. ಫ್ರೂಮಾ ಎರಡೂ ಮುಷ್ಟಿಯಿಂದ ಅದನ್ನು ಗುದ್ದುತ್ತಿದ್ದಳು.

"ನಿಲ್ಸಿ! ಓದೋದನ್ನ ತಡೀತೀನಿ!"

"ಅಯ್ಯೋ ದೇವರೇ, ಮತ್ತೆ ಶುರುವಾಯ್ತು!" ಎಂದ ಶಿಮ್ಶೆಲ್.

ರಬ್ಬಿಗಳು ತಲೆಯೆತ್ತಿದರು. "ಆಗ ಹೂಂ ಅಂದೆಯಲ್ಲಮ್ಮ?"

"ಆಗ ಹೇಳಿದ್ದು ಅಪ್ಪನ ಮಾತು. ಇದು ನಂದು. ನಂಗೆ ಅವನು ಬೇಡ. ಬೇಡ, ಬೇಡ, ಬೇಡ!"

"ಗುರುಗಳಿಗೆ ಮಾತು ಕೊಟ್ಟಿದ್ದೀನಿ!" ಗೆತ್ಸೆಲ್ ಕೂಗಿದ. "ಈ ಸಾಲು ಮುಗಿಸ್ತೀನಿ, ಆಮೇಲೆ ಅವಳನ್ನ ನೋಡ್ಕೋತೀನಿ!"

"ಮುಂದಿನ ಸಾಲಲ್ಲಿ ದೇವದೂತ ಹುಡುಗನ ಮೇಲೆ ಕೈ ಮಾಡಬೇಡ ಅಂತಾನೆ" ಎಂದರು ರಬ್ಬಿಗಳು. "ಅದನ್ನ ಊರಿಗೆ ಓದಿ ಹೇಳೋ ಮುಂಚೆ ನೀನು ಕೇಳಿಸ್ಕೋ. ಮದುವೆ ಇಲ್ಲ ಅಂತ ಹೇಳು, ಓದು. ಇಲ್ಲಾಂದ್ರೆ ಸೂರ್ಯ ಮುಳುಗೋವರೆಗೆ ಎಲ್ಲರೂ ಹೀಗೇ ಕೂತಿರೋಣ. ನನಗೆ ಹಲ್ಲಿಲ್ಲ, ಊಟದ ಅವಸರವೂ ಇಲ್ಲ."

ಇನ್ನೂರು ಹಸಿದ ಗಂಡಸರು ಗೆತ್ಸೆಲನನ್ನು ನೋಡಿದರು. ಅವನ ತುಟಿ ಅಲುಗಿತು.

"ಏನಂದೆ? ಕೇಳಿಸ್ಲಿಲ್ಲ" ಎಂದ ಶಿಮ್ಶೆಲ್.

"ಇಲ್ಲ ಅಂದೆನಲ್ಲ! ಮದುವೆ ಇಲ್ಲ! ಹಾಳಾಗಿ ಹೋಗ್ಲಿ ತಾಯಿ ಮಗಳು ಇಬ್ರೂ!"

ಅಟ್ಟದಲ್ಲಿ ಸೋಸ್ಯಾಳಿಗೆ ಅಳು ಒತ್ತರಿಸಿ ಬಂತು. ಮಗಳನ್ನು ತಬ್ಬಲು ಕೈ ಚಾಚಿದಳು. ಫ್ರೂಮಾ ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಮುಷ್ಟಿಗಳಿಂದ ರಕ್ತ ಜಿನುಗುತ್ತಿತ್ತು.

"ಮುಂದೆ ಹೇಳಮ್ಮ, ಹೆಂಗಸರು ಕಾಯ್ತಿದ್ದಾರೆ" ಎಂದಳು. "ಅದರಲ್ಲಿ ಇರೋದನ್ನ ಮಾತ್ರ ಹೇಳು."