ಬೆರಿಲ್‌ಗೆ ಬಂದ ಚಹಾದ ಕರೆ

ಮರ್ವಿನ್ ನೌಕಾಪಡೆಯಲ್ಲಿ ಇಪ್ಪತ್ತು ವರ್ಷ ಆಲೂಗೆಡ್ಡೆ ಸುಲಿದವನು. ಆದರೆ ಬುರ್ರಾ ಎಂಬ ಊರಿನ ನಿವೃತ್ತರೆಲ್ಲ ಸೇರಿ ರಿಪೇರಿ ಕೆಲಸ ಮಾಡುವ ಶೆಡ್ಡಿನಲ್ಲಿ, "ಹಡಗಿನ ರೇಡಿಯೋ ಎಲ್ಲ ನನ್ನ ಕೈಲೇ ಇತ್ತು" ಎಂದುಬಿಟ್ಟಿದ್ದ. ಬೆಸುಗೆ ಬಾರದಿದ್ದರೂ ಬುರುಡೆ ಬರುತ್ತಿತ್ತು. ಗೆಳೆಯರು ನಂಬಿ, ಊರಿನ ಕೆಟ್ಟ ರೇಡಿಯೋಗಳನ್ನೆಲ್ಲ ಅವನ ಮೇಜಿನ ಮೇಲೆ ಗುಡ್ಡೆ ಹಾಕಿದರು.

ಶೆಡ್ಡಿನಲ್ಲಿ ಯಾರನ್ನು ಕೇಳಿದರೂ ಒಂದು ಬಿಸ್ಕತ್ತಿನ ಫೀಜಿಗೆ ಕಲಿಸುತ್ತಾರೆ. ಆದರೆ ಕೇಳಿದರೆ ಬಣ್ಣ ಬಯಲು. ಹಾಗಾಗಿ ತಿಂಗಳಿಗೆ ಮೂವತ್ತು ಡಾಲರ್ ತೆತ್ತು ಕದ್ದುಮುಚ್ಚಿ ಆನ್‌ಲೈನ್ ಪಾಠಕ್ಕೆ ಸೇರಿದ. ತನ್ನ ಹೆಸರು ಕೊಡಲು ನಾಚಿ, ತೀರಿಹೋದ ಅತ್ತೆಯ ಹೆಸರು ಬರೆದ: ಬೆರಿಲ್, ಬುರ್ರಾಕ್ಕೆ ಹೊಸಬಳು.

ಪಾಠದಲ್ಲಿ ಮೇಷ್ಟರ ಮುಖವಿಲ್ಲ. ಕೈಗವಸು ತೊಟ್ಟ ಎರಡು ಕೈ, ಮೇಲೊಂದು ಯಂತ್ರದ ಹೆಣ್ಣುದನಿ, ಅಷ್ಟೆ. "ಕೆಂಪು... ತಂತಿಯನ್ನು... ಮುಟ್ಟ... ಬೇಡಿ" ಎಂದು ಆ ದನಿಯನ್ನು ಅಣಕಿಸಿ ಮರ್ವಿನ್ ಹೆಂಡತಿ ಥೆಲ್ಮಾಳನ್ನು ನಗಿಸುತ್ತಿದ್ದ. ಸಂಶಯ ಬರೆದು ಕಳಿಸಿದರೆ ಮೇಷ್ಟರು ಪುಟಗಟ್ಟಲೆ ಉತ್ತರಿಸುತ್ತಿದ್ದರು.

ಒಂಬತ್ತನೆಯ ಪಾಠದಲ್ಲಿ ಕೈಗವಸು ಇರಲಿಲ್ಲ. ಎಡಗೈಯ ಕಿರುಬೆರಳು ಅರ್ಧಕ್ಕೇ ಮುಗಿದಿತ್ತು.

ಕರೆಂಟಿಲ್ಲದೆಯೇ ಮರ್ವಿನ್‌ಗೆ ಶಾಕ್ ಹೊಡೆಯಿತು. ಆ ಬೆರಳನ್ನು ಶೆಡ್ಡಿನ ಗರಗಸ ತಿಂದ ದಿನ ಬಟ್ಟೆ ಸುತ್ತಿದವನೇ ಅವನು. ಕ್ಲಾರಿ! ದಿನಕ್ಕೆ ಮೂರೇ ಮಾತಾಡುತ್ತಿದ್ದವನು, ಹೆಂಡತಿ ತೀರಿಕೊಂಡ ಮೇಲೆ ಅದನ್ನೂ ಎರಡಕ್ಕಿಳಿಸಿದವನು. ಪಕ್ಕದ ಮೇಜಿನ ಕ್ಲಾರಿ!

"ಥೆಲ್ಮಾ! ಇಷ್ಟು ದಿನ ನಾನು ಕ್ಲಾರಿಗೆ ದುಡ್ಡು ಕೊಡ್ತಿದ್ದೆ ಕಣೇ!"

"ಕೊಡಿ, ಪಾಪ. ಅಲ್ಲಿ ಕೆಳಗೇನೋ ಬರೆದಿದಾನೆ ನೋಡಿ."

'ಪ್ರಿಯ ಬೆರಿಲ್, ನಿಮ್ಮ ಪ್ರಶ್ನೆ ಬಂದ ದಿನ ನಾನು ಯಾರೊಡನೆಯೋ ಮಾತಾಡಿದಂತಾಗುತ್ತದೆ. ನಾನೂ ಬುರ್ರಾದವನೇ. ಗುರುವಾರ ಹತ್ತಕ್ಕೆ ಶೆಡ್ಡಿಗೆ ಚಹಾಕ್ಕೆ ಬರುತ್ತೀರಾ?'

ಇವತ್ತೇ ಗುರುವಾರ. ಗಂಟೆ ಹತ್ತೂಕಾಲು.

"ಅಯ್ಯೋ ದೇವರೇ," ಎಂದಳು ಥೆಲ್ಮಾ. "ನಮ್ಮಮ್ಮನ್ನ ಚಹಾಕ್ಕೆ ಕರೆದಿದಾನಲ್ರೀ!"

ಮರ್ವಿನ್ ಓಡಿ ಬಂದಾಗ ಶೆಡ್ಡಿನಲ್ಲಿ ಕ್ಲಾರಿ ಇಸ್ತ್ರಿ ಅಂಗಿ ತೊಟ್ಟು, ಗಡ್ಡ ಬೋಳಿಸಿ, ಎರಡು ಹೊಸ ಕಪ್ಪಿಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದ.

"ಏನೋ ಕ್ಲಾರಿ, ಕೋರ್ಟಿಗೋ ಚರ್ಚಿಗೋ?" ಎಂದು ಗೆಳೆಯರು ಕಿಚಾಯಿಸುತ್ತಿದ್ದರು. ಅವನು ಕೆಂಪಾಗಿ ನಕ್ಕ. ಅವನು ನಕ್ಕದ್ದನ್ನು ಮರ್ವಿನ್ ಎರಡು ವರ್ಷದಿಂದ ಕಂಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ತನ್ನ ಮಾನ ಉಳಿಯುತ್ತದೆ. ಇವನು ಮಾತ್ರ ಸಂಜೆಯವರೆಗೂ ಹೀಗೇ ಬಾಗಿಲು ಕಾಯುತ್ತಾನೆ.

ಮರ್ವಿನ್ ಹೋಗಿ ಖಾಲಿ ಕುರ್ಚಿಯಲ್ಲಿ ಕುಳಿತ.

"ಏಳೋ, ಒಬ್ರು ಬರ್ತಾರೆ."

"ಬಂದಾಯ್ತು ಕಣೋ." ಎಂಟನೆಯ ಪಾಠ ನೋಡಿ ಮಾಡಿದ್ದ ಸರ್ಕ್ಯೂಟನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. "ನೌಕಾಪಡೇಲಿ ನಾನು ಅಡುಗೆಯವನು. ಬೆರಿಲ್ ಅಂದ್ರೆ... ನಾನೇ."

ಗರಗಸ ನಿಂತಿತು. ಶೆಡ್ಡಿಗೆ ಶೆಡ್ಡೇ ಬಾಯಿ ತೆರೆದು ನೋಡಿತು. ಕ್ಲಾರಿ ಕಪ್ಪುಗಳನ್ನು ಪಕ್ಕಕ್ಕೆ ಸರಿಸಿದ. ಸರ್ಕ್ಯೂಟನ್ನು ಕೈಗೆತ್ತಿಕೊಂಡು ತಿರುಗಿಸಿದ, ಮತ್ತೆ ತಿರುಗಿಸಿದ.

"ಪ್ಲಸ್ಸು ಮೈನಸ್ಸು ಉಲ್ಟಾ ಹಾಕಿದೀಯ," ಎಂದ ಕೊನೆಗೆ. "ಪಕ್ಕದಲ್ಲೇ ಇದ್ನಲ್ಲೋ. ಕೇಳೋಕೇನಾಗಿತ್ತು ನಿಂಗೆ?"

ಮರ್ವಿನ್‌ನ ಮುಖ ನೋಡದೆಯೇ ಎರಡನೆಯ ಕಪ್ಪಿಗೂ ಚಹಾ ಸುರಿದ.