ಕನಿಷ್ಠ ಒಂದು ಅಕ್ಷರ

ವಿಚಾರಣೆ ಹತ್ತು ಗಂಟೆಗೆ ಎಂದಿದ್ದರೂ ಹೆಡ್ ನರ್ಸ್ ಒಂಬತ್ತೂವರೆಗೇ ಬಂದು ಬಾಗಿಲಿಗೆದುರಾದ ಕುರ್ಚಿ ಹಿಡಿದಿದ್ದರು. ತಂತ್ರಾಂಶ ಕಂಪನಿಯ ಮ್ಯಾನೇಜರ್ ಒಳಗೆ ಬಂದಾಗ ಅವರು ನಗಲಿಲ್ಲ. "ಬನ್ನಿ ಮೇಡಂ" ಎಂದರು. ಹೆಡ್ ನರ್ಸ್ ಮ್ಯಾನೇಜರಳ ಸ್ವಂತ ಅಣ್ಣನ ಹೆಂಡತಿ. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಅತ್ತಿಗೆಯ ಬಾಯಿಂದ ಬಾರದ ಆ 'ಮೇಡಂ' ಕೆನ್ನೆಗೆ ಬಾರಿಸಿದ ಹಾಗಿತ್ತು.

ಮ್ಯಾನೇಜರ್ ನೋಡಿಕೊಳ್ಳುತ್ತಿದ್ದ ತಂತ್ರಾಂಶವನ್ನು ಈ ಆಸ್ಪತ್ರೆ ಎಂಟು ತಿಂಗಳಿಂದ ಬಳಸುತ್ತಿತ್ತು. ಡಾಕ್ಟರು ಔಷಧ ಬರೆಯುವುದರಿಂದ ಹಿಡಿದು ನರ್ಸ್ ಕೊಡುವವರೆಗೆ ಎಲ್ಲವೂ ಅದರಲ್ಲೇ. ಎಲ್ಲಿ ಸಣ್ಣ ಅನುಮಾನ ಬಂದರೂ ಪರದೆಯ ಮೇಲೊಂದು ಕೆಂಪು ಡಬ್ಬಿ ಏಳುತ್ತಿತ್ತು. ಅದನ್ನು ದಾಟಬೇಕಾದರೆ ಕಾರಣ ಬರೆಯಲೇಬೇಕು. ಈ ಕಡ್ಡಾಯ ತಂದವಳು ಮ್ಯಾನೇಜರೇ. ಕಾರಣ 'ಕನಿಷ್ಠ ಒಂದು ಅಕ್ಷರ' ಇರಬೇಕೆಂದು ನಿಯಮ ಬರೆದವಳೂ ಅವಳೇ. ಚುಕ್ಕೆಯೂ ಒಂದು ಅಕ್ಷರವಾಗಿ ನಡೆಯುತ್ತದೆ ಎಂಬುದನ್ನು ವಾರ್ಡ್ ಮೊದಲ ವಾರದಲ್ಲೇ ಕಂಡುಕೊಂಡಿತು. ಮೂವತ್ತು ಹಾಸಿಗೆಯ ಆ ವಾರ್ಡಿನಲ್ಲಿ ಈವರೆಗೆ ಎದ್ದ ಕೆಂಪು ಡಬ್ಬಿಗಳು ನಲವತ್ತಮೂರು ಸಾವಿರ. ಅದರಲ್ಲಿ ಮೂವತ್ತೊಂಬತ್ತು ಸಾವಿರಕ್ಕೆ ಕಾರಣ ಬರೀ ಚುಕ್ಕೆ. 'ಕಾರಣ ದಾಖಲಾತಿ ನೂರಕ್ಕೆ ನೂರು' ಎಂದು ಮ್ಯಾನೇಜರ್ ಪ್ರತಿ ತಿಂಗಳೂ ಕಂಪನಿಗೆ ವರದಿ ಕಳಿಸುತ್ತಿದ್ದಳು. ನರ್ಸುಗಳು ಅವಳಿಗೇ 'ಕೆಂಪು ಡಬ್ಬಿ' ಎಂದು ಹೆಸರಿಟ್ಟಿದ್ದರು.

ಮೂರು ವಾರದ ಹಿಂದೆ ಹದಿನೇಳನೇ ಹಾಸಿಗೆಯ ಮುದುಕರಿಗೆ ರಕ್ತ ತೆಳುಮಾಡುವ ಇಂಜೆಕ್ಷನ್ ಎರಡು ಸಲ ಬಿತ್ತು, ಒಮ್ಮೆ ಆಪರೇಷನ್ ಕೋಣೆಯಲ್ಲಿ, ಒಮ್ಮೆ ವಾರ್ಡಿನಲ್ಲಿ. ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಒಂಬತ್ತು ದಿನ ತೀವ್ರ ನಿಗಾ ಘಟಕದಲ್ಲಿದ್ದು ಬದುಕಿದರು. ವಾರ್ಡಿನಲ್ಲಿ ಕೊಟ್ಟವರು ಅತ್ತಿಗೆ. ಡಬ್ಬಿ ಎದ್ದಿತ್ತು, ಅವರ ಹೆಸರಿನ ಮುಂದೆ ಚುಕ್ಕೆ ಇತ್ತು. ಅಂದಿನಿಂದ ಅವರು ವಾರ್ಡಿಗೆ ಕಾಲಿಡುವಂತಿರಲಿಲ್ಲ. ಇಂದು ನಿರ್ಲಕ್ಷ್ಯವೆಂದು ತೀರ್ಮಾನವಾದರೆ ಹತ್ತೊಂಬತ್ತು ವರ್ಷದ ಕೆಲಸವೂ ಹೋಗುತ್ತದೆ, ನರ್ಸಿಂಗ್ ನೋಂದಣಿಯೂ ಹೋಗುತ್ತದೆ.

ಮ್ಯಾನೇಜರಳ ವರದಿ ಎರಡು ಪುಟ. ಕೊನೆಯ ಸಾಲು: 'ತಂತ್ರಾಂಶ ಎಚ್ಚರಿಸಿತ್ತು, ನರ್ಸ್ ಕಡೆಗಣಿಸಿದರು.' ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆರು ತಿಂಗಳ ಹಿಂದೆ ಅತ್ತಿಗೆ ಬರೆದ ಪತ್ರದ ಸುದ್ದಿಯೂ ಇರಲಿಲ್ಲ. ಜೀವಕ್ಕೇ ಅಪಾಯ ತರುವ ತಪ್ಪುಗಳ ಎಚ್ಚರಿಕೆಗಳನ್ನಷ್ಟೇ ಬೇರೆ ಮಾಡಿ, ಉಳಿದವನ್ನು ಕಡಿಮೆ ಮಾಡಿ ಎಂದು ಅವರು ಕೇಳಿದ್ದರು. ಒಂದು ಎಚ್ಚರಿಕೆ ತೆಗೆಯಬೇಕಾದರೂ ಡಾಕ್ಟರೊಬ್ಬರ ಸಹಿ ಬೇಕು. ಸಹಿ ಹಾಕಲು ಯಾರೂ ತಯಾರಿರಲಿಲ್ಲ. ತೆಗೆದ ಮೇಲೆ ಯಾರಾದರೂ ಸತ್ತರೆ ಕಂಪನಿಯ ಕುತ್ತಿಗೆಗೆ ಬರುತ್ತದೆ, ತೆಗೆಯದಿದ್ದರೆ ನರ್ಸಿನ ಕುತ್ತಿಗೆಗೆ. 'ವಿನ್ಯಾಸದಂತೆಯೇ ಕೆಲಸ ಮಾಡುತ್ತಿದೆ' ಎಂದು ಬರೆದು ಮ್ಯಾನೇಜರ್ ಆ ಮನವಿಯನ್ನು ಮುಚ್ಚಿದ್ದಳು.

ಆಸ್ಪತ್ರೆಯ ಅಧೀಕ್ಷಕರು ವರದಿ ಓದಿ ಮುಗಿಸಿ, ಹೆಡ್ ನರ್ಸ್ ಏನು ಹೇಳುತ್ತಾರೆಂದು ಕೇಳಿದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀತಿದೀರಿ. ಹೇಳೋದೇನಿಲ್ಲ ಸಾರ್. ಮೇಡಂ ಒಂದೇ ಒಂದು ರೌಂಡ್ ಮಾಡ್ಲಿ. ಮೂವತ್ತು ಜನ, ನಲವತ್ತು ನಿಮಿಷ. ನಮಗೆ ಸಿಗೋದು ಅಷ್ಟೇ."

ಅಧೀಕ್ಷಕರು ಒಪ್ಪಿದರು. ತರಬೇತಿಗೆಂದು ಇದ್ದ ನಕಲು ತಂತ್ರಾಂಶಕ್ಕೆ ಆ ದಿನ ಬೆಳಗ್ಗೆ ಎಂಟಕ್ಕೆ ಇದ್ದ ವಾರ್ಡಿನ ಇಡೀ ದಿನದ ಔಷಧ ಪಟ್ಟಿಯನ್ನು ಹಾಕಿಸಿ, ಟ್ಯಾಬ್ಲೆಟ್ಟನ್ನು ಮ್ಯಾನೇಜರಳ ಕೈಗಿತ್ತರು. ಇದರಲ್ಲೊಂದು ಬಲೆ ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹದಿನೇಳರ ಮೇಲೊಂದು ಕಣ್ಣಿಟ್ಟೇ ಕೂತಳು.

ಮೊದಲ ಮೂವರು ರೋಗಿಗಳಿಗೆ ಎಂಟು ಡಬ್ಬಿ ಎದ್ದವು. ಎಂಟಕ್ಕೂ ನೆಟ್ಟಗೆ ಕಾರಣ ಬರೆದಳು. ಗಡಿಯಾರ ನೋಡಿದರೆ ಹನ್ನೊಂದು ನಿಮಿಷ ಕಳೆದಿತ್ತು. ಜ್ವರದ ಮಾತ್ರೆಗೂ ಡಬ್ಬಿ, ವಿಟಮಿನ್ನಿಗೂ ಡಬ್ಬಿ, ಎಲ್ಲವೂ ಒಂದೇ ಕೆಂಪು, ಒಂದೇ ಅಳತೆ. ಅತ್ತಿಗೆ ಮುಂದಿನ ಹಾಸಿಗೆಯ ಸಂಖ್ಯೆ ಕೂಗುತ್ತಿದ್ದರು. ನಾಲ್ಕನೇ ಹಾಸಿಗೆಯಲ್ಲಿ ಮ್ಯಾನೇಜರ್ ಮೊದಲ ಚುಕ್ಕೆ ಹಾಕಿದಳು. ಆಮೇಲೆ ಬೆರಳು ತಾನಾಗಿ ಓಡಿತು.

ಹದಿನೇಳಕ್ಕೆ ಬಂದಾಗ ಬೆರಳು ತಡೆದಳು. ಆ ಮುದುಕರದೇ ಹಳೆಯ ಚೀಟಿಯನ್ನು ಅಲ್ಲಿ ಸೇರಿಸಿಟ್ಟಿದ್ದರು. 'ಈಗಾಗಲೇ ಕೊಡಲಾಗಿದೆ, ಕೊಡಬಾರದು' ಎಂದು ಪೂರ್ತಿ ಬರೆದು ತಲೆಯೆತ್ತಿದಳು. ಗೆದ್ದೆ ಎನಿಸಿತು.

"ನೋಡ್ದೆ, ಅತ್ತಿಗೆ. ಕಣ್ಣಿಟ್ಟು ನೋಡಿದ್ರೆ ಕಾಣುತ್ತೆ."

"ಹದಿನೆಂಟು" ಎಂದರು ಅತ್ತಿಗೆ.

ಮೂವತ್ತೆಂಟನೇ ನಿಮಿಷಕ್ಕೆ ರೌಂಡ್ ಮುಗಿಯಿತು. ಒಟ್ಟು ಅರವತ್ತೊಂದು ಡಬ್ಬಿ, ಕಾರಣ ಬರೆದದ್ದು ಒಂಬತ್ತಕ್ಕೆ. ಅಧೀಕ್ಷಕರು ದಾಖಲೆಯನ್ನು ಸಾಲು ಸಾಲಾಗಿ ಓದತೊಡಗಿದರು. ಇಪ್ಪತ್ತೆರಡನೇ ಹಾಸಿಗೆಯ ಸಾಲಿಗೆ ಬಂದು ಕನ್ನಡಕ ತೆಗೆದರು.

"ಇದನ್ನ ನಾವು ಸೇರಿಸಿದ್ದಲ್ಲ."

ಪೆನಿಸಿಲಿನ್ ಅಲರ್ಜಿ ಇರುವ ಹೆಂಗಸು. ಬರೆದದ್ದು ಪೆನಿಸಿಲಿನ್ ಇಂಜೆಕ್ಷನ್, ಅದೂ ಆ ದಿನ ಬೆಳಗ್ಗೆ. ಬರೆದ ಡಾಕ್ಟರರ ಕಾರಣ ಚುಕ್ಕೆ, ಈಗ ಮ್ಯಾನೇಜರಳ ಕಾರಣವೂ ಚುಕ್ಕೆ. ಮೊದಲ ಡೋಸ್ ಹನ್ನೆರಡಕ್ಕೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಹದಿನೈದು ನಿಮಿಷವಿತ್ತು.

ಅತ್ತಿಗೆಯ ಕುರ್ಚಿ ಹಿಂದಕ್ಕೆ ಬಿತ್ತು. ವಾರ್ಡಿಗೆ ಕಾಲಿಡಬಾರದೆಂಬ ಆದೇಶವನ್ನು ಯಾರಾದರೂ ನೆನಪಿಸುವ ಮುನ್ನವೇ ಅವರು ಮೆಟ್ಟಿಲಿಳಿಯುವ ಸದ್ದು ಕೇಳಿತು. ಅಧೀಕ್ಷಕರು ವಾರ್ಡಿಗೆ ಫೋನ್ ಹಚ್ಚಿದರು. ಗಂಟೆ ಹೊಡೆಯಿತೇ ಹೊರತು ಯಾರೂ ಎತ್ತಲಿಲ್ಲ. ಆ ಹೊತ್ತಿನಲ್ಲಿ ಎಲ್ಲರೂ ಹಾಸಿಗೆಗಳ ಬಳಿ ಇರುತ್ತಾರೆ. ಮ್ಯಾನೇಜರ್ ಟ್ಯಾಬ್ಲೆಟ್ ಹಿಡಿದೇ ಕೂತಿದ್ದಳು.

ಅತ್ತಿಗೆ ಮರಳಿದಾಗ ಹನ್ನೆರಡು ದಾಟಿ ಐದು ನಿಮಿಷ. ತುಂಬಿದ ಸಿರಿಂಜನ್ನು ತಟ್ಟೆಯ ಸಮೇತ ತಂದು ಮ್ಯಾನೇಜರಳ ಮುಂದಿಟ್ಟರು. ಸೂಜಿಯ ಮುಚ್ಚಳ ತೆಗೆದಿತ್ತು.

"ತೋಳಿಗೆ ಪಟ್ಟಿ ಕಟ್ಟಿ ಆಗಿತ್ತು, ಚುಚ್ಚೋದೊಂದೇ ಬಾಕಿ. ಇದಕ್ಕೊಂದು ಕಾರಣ ಬರೀರಿ ಮೇಡಂ."

ಮ್ಯಾನೇಜರಳ ಫೋನ್ ಅದುರುತ್ತಿತ್ತು, ಕಂಪನಿಯಿಂದ. ಅವಳು ಎತ್ತಲಿಲ್ಲ. ಲ್ಯಾಪ್‌ಟಾಪ್ ತೆರೆದು, ಎಲ್ಲರ ಎದುರಿಗೇ ವರದಿಯ ಕೊನೆಯ ಸಾಲನ್ನು ಅಳಿಸಿದಳು. ಮುಚ್ಚಿದ್ದ ಮನವಿಯನ್ನು, ಅದರ ಕೆಳಗಿದ್ದ ತನ್ನ ಉತ್ತರದ ಜೊತೆಗೇ ಅಂಟಿಸಿದಳು. ಕೆಳಗೆ ಬರೆದಳು: 'ತಂತ್ರಾಂಶ ನನ್ನನ್ನು ಅರವತ್ತೊಂದು ಸಲ ಎಚ್ಚರಿಸಿತು. ನಾನು ಐವತ್ತು ಸಲ ಚುಕ್ಕೆ ಹಾಕಿದೆ.' ಪರದೆಯನ್ನು ಮೇಜಿನ ಆಚೆಗೆ ತಿರುಗಿಸಿದಳು.

ಅತ್ತಿಗೆ ಬಗ್ಗಿ, ಮೊದಲಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಓದಿದರು. ಮುಖ ಸಡಿಲವಾಗಲಿಲ್ಲ.

"ಐವತ್ತೆರಡು, ಮೇಡಂ" ಎಂದರು. "ಸರಿಯಾಗಿ ಎಣಿಸಿ."